ಪೇಪರ್ ಕಪ್ ಬಿಟ್ಟು ಲೋಟಕ್ಕೆ ಮರಳುವುದು ಹೇಗೆ? ಮಲೆನಾಡಿನ ಹೋಟೆಲ್, ಕಾಫಿ ಅಂಗಡಿಯವರಿಗೆ ಒಂದು ಮಾರ್ಗದರ್ಶಿ

ಶಿವಮೊಗ್ಗದ ದುರ್ಗಿಗುಡಿಯಲ್ಲೋ ಗಾಂಧಿ ಬಜಾರಿನಲ್ಲೋ ಒಂದು ಕಾಫಿ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. "ಅಣ್ಣಾ, ಪೇಪರ್ ಕಪ್ಪಲ್ಲೇ ಕೊಡಿ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಪೇಪರ್ ಕಪ್ಪಲ್ಲಿ ಕಾಫಿ ರುಚಿ ಜಾಸ್ತಿ ಅಂತ ಅವರಲ್ಲಿ ಯಾರೂ ಹೇಳಲ್ಲ. ಅವರ ಕಣ್ಣು ಇರುವುದು ಗಲ್ಲಾ ಪಕ್ಕದ ಬಕೆಟ್ ಮೇಲೆ. ಬೆಳಗಿನಿಂದ ಅದೇ ನೀರು. ಅದರಲ್ಲೇ ಎಂಜಲು ಲೋಟ ಅದ್ದಿ ತೆಗೆದು, ಒಂದು ಸಲ ಕೊಡವಿ, ಮತ್ತೆ ಕಾಫಿ ಸುರಿಯುತ್ತಾರೆ. ಇದನ್ನು ನೋಡಿದವರು ಇನ್ನೇನು ಕೇಳಬೇಕು?

ಅದಕ್ಕೇ ಈ ಲೇಖನದಲ್ಲಿ ಲೋಟ ಕೊಳ್ಳುವುದಕ್ಕಿಂತ ತೊಳೆಯುವುದರ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ. ತೊಳೆಯುವ ಜಾಗ ಸರಿ ಹೋಗದೆ ಎಷ್ಟೇ ಚಂದದ ಲೋಟ ತಂದಿಟ್ಟರೂ ಗಿರಾಕಿ ಮುಟ್ಟುವುದಿಲ್ಲ. ಆ ಜಾಗ ಸರಿ ಮಾಡಿದರೆ ಜನರನ್ನು ಒಪ್ಪಿಸುವ ಕೆಲಸ ಮುಕ್ಕಾಲು ಪಾಲು ಮುಗಿದ ಹಾಗೆ.

ಮೊದಲು ಆ ಕಪ್ಪನ್ನೇ ಬಿಚ್ಚಿ ನೋಡಿ

ಒಂದು ಪೇಪರ್ ಕಪ್ ತಗೊಂಡು ಉದ್ದಕ್ಕೆ ಸೀಳಿ, ರಾತ್ರಿ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಅಂಚಿನಿಂದ ಉಗುರಲ್ಲಿ ಕೆರೆದರೆ ಕಾಗದ ಮೆತ್ತಗೆ ಉದುರುತ್ತಾ ಬರುತ್ತದೆ. ಕೊನೆಗೆ ಕೈಯಲ್ಲಿ ಉಳಿಯುವುದು ತೆಳ್ಳಗಿನ, ಪಾರದರ್ಶಕ ಹಾಳೆ. ಅದು ಪಾಲಿಥೀನ್. ಅದಿಲ್ಲದಿದ್ದರೆ ಬಿಸಿ ಕಾಫಿಗೆ ಕಾಗದ ನಿಮಿಷದಲ್ಲಿ ಕರಗಿ ಹೋಗುತ್ತಿತ್ತು. ಐಐಟಿ ಖರಗ್‌ಪುರದ ತಂಡವೊಂದು 2020 ರಲ್ಲಿ ಇದರ ಮೇಲೆ ಅಧ್ಯಯನ ಮಾಡಿತ್ತು. 85 ರಿಂದ 90 ಡಿಗ್ರಿ ಬಿಸಿಯ 100 ಮಿಲಿಲೀಟರ್ ನೀರನ್ನು ಇಂಥ ಕಪ್ಪಲ್ಲಿ 15 ನಿಮಿಷ ಇಟ್ಟರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ನೀರಿಗೆ ಬರುತ್ತವೆ ಅಂತ ಅವರು ಕಂಡುಕೊಂಡರು. ನಾವು ಕಾಫಿ ಹಿಡಿದು ಹರಟುವುದೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು.

ಬಳಸಿದ ಕಪ್ಪಿನ ಗತಿಯೂ ಇದೇ ಹಾಳೆಯಿಂದ ಕೆಡುತ್ತದೆ. ಭದ್ರಾವತಿಯ ಎಂಪಿಎಂ ಕಾಗದ ಕಾರ್ಖಾನೆ ನೋಡಿ ಬೆಳೆದ ಜಿಲ್ಲೆ ನಮ್ಮದು. ಕಾಗದ ಮಾಡಬೇಕಾದರೆ ನೀರಲ್ಲಿ ಅರೆದು ತಿಳಿಯಾದ ಗಂಜಿಯ ಹದಕ್ಕೆ ತರಬೇಕು ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಪಾಲಿಥೀನ್ ಹಾಗೆ ಅರೆಯುವುದಿಲ್ಲ. ಅದನ್ನು ಬೇರ್ಪಡಿಸುವ ವ್ಯವಸ್ಥೆ ಇಲ್ಲದ ಕಡೆ ಗುಜರಿಯವರು ಪೇಪರ್ ಕಪ್ ಮುಟ್ಟಲ್ಲ. ತೋಟದ ಗೊಬ್ಬರ ಗುಂಡಿಗೆ ಹಾಕಿದರೆ ಕಾಗದ ಕೊಳೆತು ಹಾಳೆ ಮಣ್ಣಲ್ಲಿ ಉಳಿಯುತ್ತದೆ. ಹಂಡೆ ಒಲೆಗೆ ಹಾಕಿದರೆ ಪ್ಲಾಸ್ಟಿಕ್ ಹೊಗೆಯನ್ನು ಮನೆಯವರೇ ಕುಡಿಯಬೇಕು.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ. ಪ್ಲಾಸ್ಟಿಕ್ ಲೋಟ, ತಟ್ಟೆಗಳನ್ನು ಕರ್ನಾಟಕ 2016 ರ ಮಾರ್ಚಿನಲ್ಲೇ ನಿಷೇಧಿಸಿತು. 2022 ರ ಜುಲೈ 1 ರಿಂದ ದೇಶದಾದ್ಯಂತ ನಿಷೇಧ ಬಂತು. ಆ ಜಾಗಕ್ಕೆ ಬಂದು ಕೂತದ್ದೇ ಪೇಪರ್ ಕಪ್. ಕೊರೋನಾ ಕಾಲದಲ್ಲಂತೂ ಅದು ಎಲ್ಲ ಕಡೆ ಕಾಯಂ ಆಯಿತು. ಪಕ್ಕದ ತಮಿಳುನಾಡು 2019 ರ ಜನವರಿ 1 ರಿಂದಲೇ ಪ್ಲಾಸ್ಟಿಕ್ ಪದರದ ಪೇಪರ್ ಕಪ್ಪನ್ನೂ ನಿಷೇಧದ ಪಟ್ಟಿಗೆ ಸೇರಿಸಿದೆ. ನಾಳೆ ಇಲ್ಲೂ ಅದೇ ನಿಯಮ ಬಂದರೆ, ಮೊದಲೇ ಲೋಟಕ್ಕೆ ಬದಲಾದವರಿಗೆ ಪರದಾಟ ಇರುವುದಿಲ್ಲ.

ಒಂದನೇ ಕೆಲಸ: ಎಷ್ಟು ಲೋಟ ಬೇಕು ಅಂತ ಲೆಕ್ಕ ಹಾಕಿ

ದಿನಕ್ಕೆ 300 ಕಾಫಿ ಹೋಗುತ್ತದೆ ಅಂತ 300 ಲೋಟ ತರಬೇಕಾಗಿಲ್ಲ. ನೋಡಬೇಕಾದದ್ದು ಅತಿ ರಷ್ ಇರುವ ಅರ್ಧ ಗಂಟೆಯನ್ನು. ಲೋಟ ಗಿರಾಕಿ ಕೈಲಿ ಸುಮಾರು 10 ನಿಮಿಷ ಇರುತ್ತದೆ. ಟೇಬಲ್ ಮೇಲೆ 5 ನಿಮಿಷ ಕಾಯುತ್ತದೆ. ತೊಳೆದು ಒಣಗಲು 15 ನಿಮಿಷ ಅಂದುಕೊಳ್ಳಿ. ಅಂದರೆ ಒಂದು ಲೋಟ ಹೋಗಿ ಮತ್ತೆ ಕೈಗೆ ಬರಲು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ 60 ಕಾಫಿ ಹೋಗುವುದಾದರೆ 60 ಲೋಟ, ಜೊತೆಗೆ ಕಾಲು ಭಾಗ ಹೆಚ್ಚುವರಿ. ಒಟ್ಟು 75 ಇದ್ದರೆ ಸಾಕು. ಬೈಟು ಜಾಸ್ತಿ ಹೋಗುವ ಅಂಗಡಿಯಾದರೆ ಇನ್ನೊಂದಿಷ್ಟು ಸೇರಿಸಿ. ಒಂದು ಬೈಟುಗೆ ಎರಡು ಲೋಟ ಮುಸುರೆಗೆ ಬೀಳುತ್ತದೆ ಅನ್ನುವುದನ್ನು ತುಂಬಾ ಜನ ಮರೆಯುತ್ತಾರೆ.

ಈಗ ದುಡ್ಡಿನ ಲೆಕ್ಕ. ನಿಮ್ಮ ಕಪ್ಪಿನ ಬಿಲ್ ತೆಗೆದು ನೋಡಿ. ಒಂದಕ್ಕೆ 60 ಪೈಸೆ ಅಂತ ಇಟ್ಟುಕೊಂಡರೆ 300 ಕಪ್ಪಿಗೆ ದಿನಕ್ಕೆ 180 ರೂಪಾಯಿ, ತಿಂಗಳಿಗೆ 5,400. ಲೋಟದ ಖರ್ಚು ಒಂದೆರಡು ತಿಂಗಳಲ್ಲಿ ವಾಪಸ್ ಬರುತ್ತದೆ. ಆದರೆ ಆಮೇಲಿನದೆಲ್ಲ ಲಾಭ ಅಂತ ಹಿಗ್ಗಬೇಡಿ. ತೊಳೆಯುವವರ ಕೂಲಿ, ಸೋಪು, ನೀರು ಕಾಯಿಸುವ ಗ್ಯಾಸ್ ಅಥವಾ ಸೌದೆ ಎಲ್ಲವೂ ಇದೆ. ಉಳಿಯುವ ದುಡ್ಡಲ್ಲಿ ದೊಡ್ಡ ಪಾಲು ತೊಳೆಯುವವರ ಕೈಗೇ ಹೋಗಬೇಕು ಅಂತ ನನ್ನ ಅಭಿಪ್ರಾಯ. ಎಲ್ಲಿಂದಲೋ ಲಾರಿಯಲ್ಲಿ ಬರುವ ಕಪ್ಪಿಗೆ ಕೊಡುತ್ತಿದ್ದ ದುಡ್ಡು ಊರಿನ ಒಬ್ಬರ ಸಂಬಳವಾಗುವುದು ಒಳ್ಳೆಯದೇ ಅಲ್ವಾ?

ಲೋಟ ತೊಳೆಯುವುದಕ್ಕೂ ನೀರು, ಶಕ್ತಿ ಖರ್ಚಾಗುತ್ತದಲ್ಲ, ಹಾಗಾದರೆ ಪ್ರಕೃತಿಗೆ ಏನು ಲಾಭ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಹಾಕಿಂಗ್ 1994 ರಲ್ಲೇ ಈ ಲೆಕ್ಕ ಹಾಕಿದ್ದರು. ತಯಾರಿಸಲು ಮತ್ತು ತೊಳೆಯಲು ಬೇಕಾದ ಶಕ್ತಿ ನೋಡಿದರೆ, ಗಾಜಿನ ಲೋಟ 15 ಸಲ, ಪಿಂಗಾಣಿ ಕಪ್ 39 ಸಲ ಬಳಕೆಯಾದ ಮೇಲೆ ಅದರ ಹೊರೆ ಪೇಪರ್ ಕಪ್ಪಿನದಕ್ಕಿಂತ ಕಡಿಮೆಯಾಗುತ್ತದೆ. ಮನೆಯ ಶೋಕೇಸಿನಲ್ಲಿ ಕೂತ ಕಪ್ಪಿಗೆ 39 ಸಲ ದೊಡ್ಡ ಮಾತು. ಹೋಟೆಲಿನ ಲೋಟ ದಿನಕ್ಕೆ ನಾಲ್ಕೈದು ಸಲ ತಿರುಗುತ್ತದೆ. ಹತ್ತು ದಿನದೊಳಗೆ ಆ ಗಡಿ ದಾಟಿರುತ್ತದೆ.

ಎರಡನೇ ಕೆಲಸ: ಯಾವ ಲೋಟ?

ನಿಂತು ಕುಡಿಯುವ ಅಂಗಡಿಗೆ ಸ್ಟೀಲ್. ಬಿದ್ದರೂ ಒಡೆಯಲ್ಲ, ಕದ್ದರೂ ದೊಡ್ಡ ನಷ್ಟವಿಲ್ಲ. ಬಾಯಿ ಅಂಚು ಹೊರಗೆ ಮಡಚಿರುವುದನ್ನೇ ಆರಿಸಿ. ಬಿಸಿ ಲೋಟವನ್ನು ಬೆರಳು ಹಿಡಿಯುವುದು ಅಲ್ಲೇ. ಅಂಚು ಸರಿ ಇಲ್ಲದ ಲೋಟ ಒಂದು ಸಲ ಕೈ ಸುಟ್ಟರೆ ಆ ಗಿರಾಕಿ ಮರುದಿನ ಪೇಪರ್ ಕಪ್ಪಿಗೆ ವಾಪಸ್. 80 ಮಿಲಿ ಕಾಫಿಗೆ 80 ಮಿಲಿ ಲೋಟ ತರಬೇಡಿ. ಮೇಲೆ ಒಂದು ಬೆರಳು ಖಾಲಿ ಉಳಿಯಬೇಕು. ಕೂತು ಕುಡಿಯುವವರಿಗೆ ಲೋಟದ ಜೊತೆ ಬಟ್ಟಲು ಕೊಟ್ಟರೆ ಆರಿಸಿಕೊಂಡು ಕುಡಿಯುತ್ತಾರೆ.

ಸ್ಟೀಲ್ ಕೊಳ್ಳುವಾಗ ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡಿ ಅಂತ ಹೇಳುತ್ತಾರೆ. ಅದೊಂದನ್ನೇ ನಂಬಬೇಡಿ. ಒಳ್ಳೆಯ 304 ಗ್ರೇಡಿಗೂ ಅಯಸ್ಕಾಂತ ಅಂಟಲ್ಲ, ಅಗ್ಗದ 202 ಗ್ರೇಡಿಗೂ ಅಂಟಲ್ಲ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳುವುದೇ ಸರಿ.

ಚಹಾ ಜಾಸ್ತಿ ಹೋಗುವ ಅಂಗಡಿಗೆ ಗಾಜು. ಬಣ್ಣ ಕಾಣುತ್ತದೆ, ತೊಳೆದದ್ದು ಸ್ವಚ್ಛವಾಗಿದೆಯೋ ಇಲ್ಲವೋ ಅನ್ನುವುದೂ ಕಾಣುತ್ತದೆ. ಗಿರಾಕಿಗೆ ನಂಬಿಕೆ ಬರಿಸುವ ವಿಷಯದಲ್ಲಿ ಗಾಜಿನಷ್ಟು ಪ್ರಾಮಾಣಿಕ ವಸ್ತು ಇನ್ನೊಂದಿಲ್ಲ. ಆದರೆ ಆಗುಂಬೆ, ಹೊಸನಗರದ ಕಡೆ ಮಳೆಗಾಲದ ಬೆಳಿಗ್ಗೆ ತಣ್ಣಗೆ ಕೊರೆಯುವ ಗಾಜಿಗೆ ಕುದಿಯುವ ಚಹಾ ಸುರಿದರೆ ಚಟ್ಟನೆ ಸೀಳುತ್ತದೆ. ಮೊದಲು ಬಿಸಿ ನೀರು ಸುತ್ತಾಡಿಸಿ ಚೆಲ್ಲಿ, ಆಮೇಲೆ ಚಹಾ. ಅಂಚು ಕಿತ್ತುಹೋದ ಗಾಜನ್ನು ಅದೇ ಕ್ಷಣ ತೆಗೆದಿಡಿ, "ಇನ್ನೊಂದು ವಾರ ನಡೀಲಿ" ಅನ್ನಬೇಡಿ.

ಪಿಂಗಾಣಿ ಕಪ್ ಕೆಫೆಗಳಿಗೆ ಸರಿ. ದಪ್ಪ ಗೋಡೆ, ಬಿಸಿ ಹೆಚ್ಚು ಹೊತ್ತು ನಿಲ್ಲುತ್ತದೆ. ಆ ಗುಣ ಸಿಗಬೇಕಾದರೆ ಕಪ್ಪನ್ನು ಮೊದಲೇ ಬೆಚ್ಚಗೆ ಇಟ್ಟಿರಬೇಕು. ಇಲ್ಲದಿದ್ದರೆ ಕಾಫಿಯ ಬಿಸಿಯನ್ನು ಕಪ್ಪೇ ಎಳೆದುಕೊಳ್ಳುತ್ತದೆ.

ಅಡಿಕೆ ಹಾಳೆಯ ಲೋಟ ಬಳಸಬಹುದಲ್ಲ ಅಂತ ನಮ್ಮ ಕಡೆ ಕೇಳುವುದು ಸಹಜ. ಹಾಳೆ ತಟ್ಟೆ ಊಟಕ್ಕೆ ಬಹಳ ಒಳ್ಳೆಯದು. ಅಂಗಡಿಯ ದಿನನಿತ್ಯದ ಕಾಫಿಗೆ ಅದನ್ನು ನಾನು ಹೇಳುವುದಿಲ್ಲ. ಬಿಸಿ ದ್ರವಕ್ಕೆ ಬೇಗ ಮೆತ್ತಗಾಗುತ್ತದೆ, ಡಿಕಾಕ್ಷನ್ನಿನ ಪರಿಮಳದ ಜೊತೆ ಹಾಳೆಯ ವಾಸನೆಯೂ ಬೆರೆಯುತ್ತದೆ. ಒಂದು ಸಲ ಬಳಸಿ ಎಸೆಯುವ ಅಭ್ಯಾಸವೂ ಹಾಗೇ ಉಳಿಯುತ್ತದೆ.

ಮೂರನೇ ಕೆಲಸ: ತೊಳೆಯುವ ಜಾಗ

ಇಲ್ಲಿ ಆತುರ ಬೇಡ. ಒಂದೇ ಬಕೆಟ್ ಇರುವ ಕಡೆ ಮೂರು ಟಬ್ ಮತ್ತು ಒಂದು ನಲ್ಲಿ ಬೇಕು. ಜಾಗ ಇಲ್ಲ ಅನ್ನುವವರು ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಸಾಲಾಗಿ ಇಡಬಹುದು. ಸ್ಟ್ಯಾಂಡ್ ಸೊಂಟದ ಎತ್ತರಕ್ಕೆ ಬರಲಿ. ದಿನವಿಡೀ ಬಗ್ಗಿ ತೊಳೆಯುವ ಅಕ್ಕನ ಬೆನ್ನು ನೋಯುತ್ತಿದ್ದರೆ ಸಂಜೆ ಹೊತ್ತಿಗೆ ಲೋಟ ಸ್ವಚ್ಛ ಆಗುವುದಿಲ್ಲ. ಅದು ಅವರ ತಪ್ಪಲ್ಲ.

ಲೋಟದಲ್ಲಿ ಉಳಿದ ಕಾಫಿಯನ್ನು ಬೇರೆ ಬಕೆಟಿಗೆ ಚೆಲ್ಲುವುದರಿಂದ ಶುರು. ಅದು ಸೋಪಿನ ನೀರಿಗೆ ಬಿದ್ದರೆ ನೀರು ಹತ್ತು ನಿಮಿಷದಲ್ಲಿ ಕೆಡುತ್ತದೆ. ಮೊದಲ ಟಬ್ಬಿನಲ್ಲಿ ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರು. ಬಿಸಿನೀರು ಮೊದಲೇ ಹಾಕಿದರೆ ಹಾಲಿನ ಪ್ರೋಟೀನ್ ಗಟ್ಟಿಯಾಗಿ ಲೋಟದ ತಳಕ್ಕೆ ಹಿಡಿದುಕೊಳ್ಳುತ್ತದೆ. ತಳದಲ್ಲಿ ಬೆಳ್ಳಗೆ ಉಂಗುರದ ಹಾಗೆ ಕಾಣುವುದು ಇದೇ. ಎರಡನೇ ಟಬ್ಬಿನಲ್ಲಿ ಸೋಪಿನ ಬಿಸಿ ನೀರು, ಉದ್ದ ಹಿಡಿಯ ಬ್ರಷ್. ಒಳಗೆ ತಳ, ಹೊರಗೆ ತುಟಿ ತಾಗುವ ಅಂಚು, ಈ ಎರಡು ಕಡೆ ಬ್ರಷ್ ಹೋಗಲೇಬೇಕು. ನೊರೆ ಸತ್ತು ನೀರಿನ ಮೇಲೆ ಜಿಡ್ಡಿನ ಕೆನೆ ಕಂಡರೆ ನೀರು ಬದಲಿಸುವ ಹೊತ್ತಾಯಿತು. ಆಮೇಲೆ ಹರಿಯುವ ನಲ್ಲಿ ನೀರಿನಲ್ಲಿ ಜಾಲಿಸಿ. ಸೋಪಿನ ವಾಸನೆ ಉಳಿದರೆ ಎಂಥ ಪುಡಿ ತಂದು ಡಿಕಾಕ್ಷನ್ ಇಳಿಸಿದರೂ ವ್ಯರ್ಥ.

ಮೂರನೇ ಟಬ್ ಬಿಸಿನೀರಿನದು. ಇದು ಬರೀ ಬಿಸಿಯಾದರೆ ಸಾಲದು. 77 ಡಿಗ್ರಿ ಇರಬೇಕು, ಲೋಟ ಅದರಲ್ಲಿ 30 ಸೆಕೆಂಡ್ ಮುಳುಗಿರಬೇಕು. ರೋಗಾಣು ಸಾಯಿಸಲು ಅಡುಗೆ ಮನೆಗಳಲ್ಲಿ ಅನುಸರಿಸುವ ಅಳತೆ ಇದು. ಅಷ್ಟು ಬಿಸಿಗೆ ಕೈ ಹಾಕಲು ಆಗುವುದಿಲ್ಲ, ಹಾಗಾಗಿ ಹಿಡಿ ಇರುವ ತಂತಿ ಬುಟ್ಟಿಯಲ್ಲಿ ಹತ್ತಿಪ್ಪತ್ತು ಲೋಟ ಒಟ್ಟಿಗೆ ಇಳಿಸಿ ಎತ್ತಿ. ಒಂದು ಅಡುಗೆ ಥರ್ಮಾಮೀಟರ್ ತಂದಿಟ್ಟುಕೊಳ್ಳಿ, ಅಂದಾಜು ಬೇಡ. ನೀರು ಕಾಯಿಸುವುದಕ್ಕೆ ಮಲೆನಾಡಿನಲ್ಲಿ ಅನುಕೂಲ ಇದೆ. ಹಂಡೆ ಒಲೆ ಇರುವ ಕಡೆ ಸೌದೆಗೋ ಅಡಿಕೆ ಸಿಪ್ಪೆಗೋ ಕಷ್ಟವಿಲ್ಲ. ಸೋಲಾರ್ ಮಾತ್ರ ನಂಬಬೇಡಿ, ಜೂನ್ ಬಂದರೆ ಬಿಸಿಲೇ ಕಾಣಲ್ಲ. ಕರೆಂಟ್ ಹೋಗಿ ಬರುವ ಊರುಗಳಲ್ಲಿ ಡಿಶ್‌ವಾಷರ್ ಒಂದನ್ನೇ ನಂಬಿ ಕೂರುವುದೂ ಕಷ್ಟ.

ಬಿಸಿನೀರು ಸಾಧ್ಯವೇ ಇಲ್ಲದ ಗೂಡಂಗಡಿಗೆ ಕ್ಲೋರಿನ್ ನೀರು ಇದೆ. 5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಆದರೆ 10 ಲೀಟರ್ ನೀರಿಗೆ 20 ಮಿಲಿ, ಅಷ್ಟೇ. ಒಂದು ನಿಮಿಷ ಮುಳುಗಿಸಿ, ಎತ್ತಿ ಒಣಗಲು ಬಿಡಿ. ಕೈಗೆ ಬಂದಷ್ಟು ಸುರಿಯಬೇಡಿ, ಸೋಪಿನ ಜೊತೆಗೋ ಆಸಿಡ್ ಜೊತೆಗೋ ಬೆರೆಸಬೇಡಿ. ಗಾಜು, ಪಿಂಗಾಣಿಗೆ ಇದು ಸರಿ. ಸ್ಟೀಲಿನ ಮೇಲೆ ದಿನವೂ ಬಳಸಿದರೆ ನಿಧಾನವಾಗಿ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಸ್ಟೀಲಿಗೆ ಬಿಸಿನೀರೇ ಮೇಲು.

ಇನ್ನು ಒರೆಸುವ ಬಟ್ಟೆ. ದಯವಿಟ್ಟು ಅದನ್ನು ಬಿಟ್ಟುಬಿಡಿ. ಟೇಬಲ್ ಒರೆಸಿದ, ಹೆಗಲ ಮೇಲೆ ಕೂತ, ಒದ್ದೆಯಾಗಿಯೇ ದಿನ ಕಳೆದ ಆ ಬಟ್ಟೆಯನ್ನು ಲೋಟದೊಳಗೆ ತಿರುಗಿಸಿದರೆ ಇಲ್ಲಿವರೆಗೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಬಿಸಿನೀರಿನಿಂದ ಎತ್ತಿದ ಲೋಟವನ್ನು ಕಂಬಿಗಳಿರುವ ಸ್ಟ್ಯಾಂಡ್ ಮೇಲೆ ಬೋರಲು ಹಾಕಿ. ತನ್ನ ಬಿಸಿಗೇ ಒಣಗಿಕೊಳ್ಳುತ್ತದೆ.

ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ಜುಲೈ ಹೊತ್ತಿಗೆ ತೀರ್ಥಹಳ್ಳಿ ಕಡೆ ಹಗ್ಗದ ಮೇಲಿನ ಬಟ್ಟೆಯೇ ನಾಲ್ಕು ದಿನ ಒಣಗಲ್ಲ, ತಣ್ಣೀರಲ್ಲಿ ತೊಳೆದ ಲೋಟ ಒಣಗುತ್ತದೆಯೇ? ಒಂದರೊಳಗೊಂದು ಜೋಡಿಸಿಟ್ಟರೆ ಬೆಳಿಗ್ಗೆ ಮುಗ್ಗಲು ವಾಸನೆ. ಸ್ಟ್ಯಾಂಡನ್ನು ಒಲೆಯ ಮೇಲಿನ ಗೋಡೆಗೆ ಸೇರಿಸಿ ಹೊಡೆಸಿ. ಪೂರ್ತಿ ಒಣಗುವ ತನಕ ಜೋಡಿಸಬೇಡಿ.

ಚಹಾ, ಕಾಫಿಯ ಕಂದು ಕರೆಗೆ ವಾರಕ್ಕೊಮ್ಮೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ನೆನೆಸಿದರೆ ಸಾಕು. ಮುಸುರೆ ನೀರು ಮಳೆನೀರಿನ ಚರಂಡಿಗೆ ಬೀಳದಂತೆ ನೋಡಿಕೊಳ್ಳಿ, ಅದು ಕೊನೆಗೆ ಸೇರುವುದು ತುಂಗೆಗೆ. ಪೇಟೆಯಲ್ಲಿ ಒಳಚರಂಡಿಗೆ ಜೋಡಿಸಿ.

ಮತ್ತೆ, ಈ ಎಲ್ಲ ವ್ಯವಸ್ಥೆಯನ್ನು ಹಿಂದಿನ ಕೋಣೆಯಲ್ಲಿ ಬಚ್ಚಿಡಬೇಡಿ. ಸಾಧ್ಯವಾದರೆ ಆವಿ ಏಳುವ ಆ ಮೂರನೇ ಟಬ್ ಗಿರಾಕಿಗೆ ಕಾಣುವ ಹಾಗೆ ಇಡಿ. "ಲೋಟವನ್ನು ಕುದಿನೀರಿನಲ್ಲಿ ತೊಳೆಯುತ್ತೇವೆ" ಅಂತ ಬೋರ್ಡ್ ಬರೆಸುವುದಕ್ಕಿಂತ ಕಣ್ಣಾರೆ ಕಂಡದ್ದು ಜಾಸ್ತಿ ಕೆಲಸ ಮಾಡುತ್ತದೆ.

ಪಾರ್ಸೆಲ್ ಮತ್ತು ಬಸ್ಸಿನವರು

ಅಕ್ಕಪಕ್ಕದ ಅಂಗಡಿ, ಬ್ಯಾಂಕ್, ಆಫೀಸುಗಳಿಗೆ ಫ್ಲಾಸ್ಕಿನಲ್ಲಿ ಕಾಫಿ ಹೋಗುತ್ತದಲ್ಲ, ಅಲ್ಲಿಂದ ಶುರು ಮಾಡಿ. ಫ್ಲಾಸ್ಕ್ ಜೊತೆ ಪೇಪರ್ ಕಪ್ಪಿನ ಕಟ್ಟು ಕಳಿಸುವ ಬದಲು ತಂತಿ ಸ್ಟ್ಯಾಂಡಿನಲ್ಲಿ ಲೋಟ ಕಳಿಸಿ. ಹುಡುಗ ಮುಂದಿನ ಸಲ ಹೋದಾಗ ಹಳೆಯದನ್ನು ತಂದರಾಯಿತು. ಇನ್ನೂ ಒಳ್ಳೆಯದು, ಆಫೀಸಿನವರೇ ತಮ್ಮ ತಮ್ಮ ಕಪ್ ಇಟ್ಟುಕೊಳ್ಳುವುದು. ಕೇಳಿ ನೋಡಿ, ಹೆಚ್ಚಿನವರು ಒಪ್ಪುತ್ತಾರೆ.

ಕಷ್ಟ ಇರುವುದು ಬಸ್ ಸ್ಟ್ಯಾಂಡಿನಲ್ಲಿ. ಸಾಗರದ ಬಸ್ ಹೊರಡುತ್ತಿದೆ, ಗಿರಾಕಿ ಕಪ್ ಹಿಡಿದು ಓಡಬೇಕು. ಅವರ ಸ್ವಂತ ಸ್ಟೀಲ್ ಬಾಟಲಿಗೋ ಫ್ಲಾಸ್ಕಿಗೋ ಹಾಕಿಕೊಡಿ, ಬೆಲೆಯಲ್ಲಿ ಒಂದೋ ಎರಡೋ ರೂಪಾಯಿ ಕಡಿಮೆ ಮಾಡಿ. ಅವರ ಪಾತ್ರೆ ನಿಮ್ಮ ಹಾಲಿನ ಪಾತ್ರೆಗೆ ತಾಗದಂತೆ ಮೇಲಿಂದ ಸುರಿಯಿರಿ. ಸುತ್ತಲ ನಾಲ್ಕೈದು ಅಂಗಡಿಯವರು ಒಂದೇ ಥರದ ಲೋಟ ಇಟ್ಟುಕೊಂಡರೆ ಠೇವಣಿ ಪದ್ಧತಿಯನ್ನೂ ಮಾಡಬಹುದು. 20 ರೂಪಾಯಿ ಹೆಚ್ಚು ಪಡೆದು, ಯಾವ ಅಂಗಡಿಗೆ ಲೋಟ ತಂದುಕೊಟ್ಟರೂ ವಾಪಸ್. ನೀಲಗಿರಿ ಜಿಲ್ಲೆಯಲ್ಲಿ 2022 ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚು ತಗೊಂಡು ಖಾಲಿ ಬಾಟಲಿ ಕೊಟ್ಟಾಗ ಹಿಂದಿರುಗಿಸುತ್ತಿದ್ದಾರೆ. ಬೆಟ್ಟದ ಊರಲ್ಲಿ ಬಾಟಲಿ ವಾಪಸ್ ಬರುತ್ತದೆ ಅಂದಮೇಲೆ ನಮ್ಮಲ್ಲಿ ಲೋಟ ಯಾಕೆ ಬರಬಾರದು? ಇಷ್ಟಾದರೂ ಓಡುವ ಒಂದಷ್ಟು ಜನಕ್ಕೆ ಪೇಪರ್ ಕಪ್ ಕೊಡಬೇಕಾಗಿ ಬರುತ್ತದೆ. ಕೊಡಿ. ಆ ನಾಲ್ಕು ಜನಕ್ಕಾಗಿ ಕೂತು ಕುಡಿಯುವ ನಲವತ್ತು ಜನಕ್ಕೂ ಅದನ್ನೇ ಕೊಡಬೇಡಿ.

ಎಲ್ಲರಿಗೂ ಒಂದೇ ಲೋಟ

ಕೆಲವು ಕಡೆ ಲೋಟ ಬಂದ ಮೇಲೆ ಹೊಸ ತಾರತಮ್ಯ ಶುರುವಾಗುತ್ತದೆ. ಕೂತವರಿಗೆ ಲೋಟ, ಕೂಲಿಯವರಿಗೆ, ಪೌರಕಾರ್ಮಿಕರಿಗೆ ಕೇಳದೆಯೇ ಪೇಪರ್ ಕಪ್. ಹೋಟೆಲುಗಳಲ್ಲಿ ಜಾತಿ ನೋಡಿ ಬೇರೆ ಲೋಟ ಇಡುತ್ತಿದ್ದ ಚರಿತ್ರೆ ನಮ್ಮ ನಾಡಿಗಿದೆ. ಸಂವಿಧಾನದ 17 ನೇ ವಿಧಿ ಅದನ್ನು ಅಳಿಸಿದೆ, 1989 ರ ದೌರ್ಜನ್ಯ ತಡೆ ಕಾಯ್ದೆಯಡಿ ಅದು ಶಿಕ್ಷೆಯಾಗುವ ಅಪರಾಧ. ಪೇಪರ್ ಕಪ್ ಆ ಹಳೆಯ ಬೇರೆ ಲೋಟದ ಜಾಗ ತುಂಬಬಾರದು. ಗಲ್ಲಾದಲ್ಲಿ ಕೂರುವವರು ಇದನ್ನು ಕೆಲಸದ ಹುಡುಗರಿಗೆ ಬಾಯಿಬಿಟ್ಟು ಹೇಳಬೇಕು. ಒಂದೇ ಸ್ಟ್ಯಾಂಡ್, ಒಂದೇ ಲೋಟ, ಕೈಗೆ ಸಿಕ್ಕಿದ್ದು ಯಾರಿಗಾದರೂ.

ಮದುವೆ, ಜಾತ್ರೆ

ಶಾಮಿಯಾನದವರ ಹತ್ತಿರ ಸ್ಟೀಲ್ ಲೋಟ ಬಾಡಿಗೆಗೆ ಸಿಗುತ್ತದೆ. ಕೇಳುವವರು ಕಡಿಮೆಯಾದರು, ಅಷ್ಟೇ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ ಕೊಡುವ ಪ್ಲೇಟ್ ಬ್ಯಾಂಕ್ ನಡೆಸುತ್ತಿದೆ. ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯಂಥ ದೊಡ್ಡ ಕೂಟಕ್ಕೆ ಬಾಡಿಗೆ ಲೋಟದ ಜೊತೆ ತೊಳೆಯುವ ತಂಡವನ್ನೂ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಲೋಟ ಇದ್ದು ತೊಳೆಯುವವರಿಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಎಲ್ಲ ಕೆಡುತ್ತದೆ.

ಶುರು ಮಾಡುವ ವಾರ

ಒಂದೇ ದಿನ ಎಲ್ಲ ಬದಲಿಸಬೇಡಿ. ಮಧ್ಯಾಹ್ನ ಮೂರರಿಂದ ಐದು, ಗಿರಾಕಿ ಕಡಿಮೆ ಇರುವ ಹೊತ್ತಲ್ಲಿ ಲೋಟ ಶುರು ಮಾಡಿ. ತೊಳೆಯುವ ಕೈಗೆ ಅಭ್ಯಾಸವಾಗಲಿ, ಯಾವ ಟಬ್ ಎಲ್ಲಿ ಇರಬೇಕು ಅನ್ನುವುದು ಗೊತ್ತಾಗಲಿ. ಆಮೇಲೆ ಸಂಜೆಗೆ, ಕೊನೆಗೆ ಬೆಳಗಿನ ರಷ್‌ಗೆ. "ಪೇಪರ್ ಕಪ್ ಬೇಕಾ, ಲೋಟ ಬೇಕಾ" ಅಂತ ಕೇಳಬೇಡಿ. ಲೋಟದಲ್ಲೇ ಕೊಡಿ, ಕಪ್ ಬೇಕು ಅಂದವರಿಗೆ ಮಾತ್ರ ಕೊಡಿ. ಸುಮ್ನೆ ಕೇಳಿದ್ದಕ್ಕೇ ಅರ್ಧ ಜನ ಪೇಪರ್ ಕಪ್ ಅಂದುಬಿಡುತ್ತಾರೆ.

ಕೆಮ್ಮು, ಜ್ವರ ಇರುವವರು ತಾವಾಗಿಯೇ ಪೇಪರ್ ಕಪ್ ಕೇಳಿದರೆ ಖಂಡಿತ ಕೊಡಿ. ಅದಕ್ಕೆಂದು ಗಲ್ಲಾ ಕೆಳಗೆ ಒಂದು ಕಟ್ಟು ಇರಲಿ, ಕೌಂಟರ್ ಮೇಲೆ ಬೇಡ. ಕಪ್ಪಿನ ಏಜೆಂಟ್ ಮುಂದಿನ ಸಲ ಬಂದಾಗ ಅರ್ಧ ಆರ್ಡರ್ ಕೊಡಿ. ತಿಂಗಳ ಕೊನೆಗೆ ಎಷ್ಟು ಉಳಿದಿದೆ ಅಂತ ಎಣಿಸಿ, ಅದಕ್ಕೆ ತಕ್ಕಂತೆ ಆಮೇಲಿನ ಆರ್ಡರ್ ಇಳಿಸುತ್ತಾ ಹೋಗಿ.